ತಲೆಯೊಳಗೆ ಮಾತಾಡುವವರು ಯಾರು, ಕೇಳಿಸಿಕೊಳ್ಳುವವರು ಯಾರು?

ಪ್ರಶ್ನೆ: ಡಾಕ್ಟರ್, ನನಗೆ 36 ವರ್ಷ. ಲೆಕ್ಕಪತ್ರ ನೋಡಿಕೊಳ್ಳುವ ಕೆಲಸ. ಬೆಳಗ್ಗೆ ಕಣ್ಣು ಬಿಟ್ಟಾಗಿನಿಂದ ರಾತ್ರಿ ನಿದ್ದೆ ಹತ್ತುವವರೆಗೂ ತಲೆಯೊಳಗೆ ಮಾತು ನಡೆಯುತ್ತಲೇ ಇರುತ್ತದೆ. ಇವತ್ತು ಮಾಡಬೇಕಾದ ಕೆಲಸ, ನಿನ್ನೆ ಯಾರಿಗೋ ಹೇಳಿದ ಮಾತು, ನಾಳೆ ಏನಾಗಬಹುದು, ಎಲ್ಲದರ ಬಗ್ಗೆಯೂ. ಏನಾದರೂ ತಪ್ಪಾದರೆ ಅದು ನಮ್ಮಪ್ಪ ಬೈಯುತ್ತಿದ್ದ ಧಾಟಿಯಲ್ಲೇ ಬೈಯುತ್ತದೆ. ಅಪ್ಪ ತೀರಿಕೊಂಡು ಆರು ವರ್ಷವಾಯಿತು. ಎಲ್ಲರಿಗೂ ಹೀಗೇ ಇರುತ್ತದೆ ಅಂದುಕೊಂಡಿದ್ದೆ. ಒಂದು ದಿನ ಹೆಂಡತಿಯನ್ನು ಕೇಳಿದರೆ, "ನನ್ನ ತಲೇಲಿ ಯಾರೂ ಮಾತಾಡಲ್ವಲ್ಲ" ಅಂದಳು. ಮಾತಿಲ್ಲದೆ ಯೋಚನೆ ಮಾಡುವುದು ಹೇಗೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಈ ಮಾತು ನಿಲ್ಲಲಿ ಅಂತ ಎಂಟು ತಿಂಗಳ ಹಿಂದೆ ಧ್ಯಾನ ಶುರು ಮಾಡಿದೆ. ದಿನಕ್ಕೆ ಒಂದೂವರೆ ಗಂಟೆ. ಹೇಳಿಕೊಡುವವರು "ಆ ಮಾತು ನೀವಲ್ಲ, ಅದನ್ನು ನೋಡುತ್ತಿರುವವರು ನೀವು" ಎಂದರು. ಮೊದಮೊದಲು ಹಾಯೆನಿಸಿತು. ಈಗ ಎರಡು ತಿಂಗಳಿಂದ "ಹಾಗಾದರೆ ನೋಡುತ್ತಿರುವವನು ಯಾರು" ಅನ್ನುವ ಪ್ರಶ್ನೆ ಬೆನ್ನು ಬಿಡುತ್ತಿಲ್ಲ. ಕನ್ನಡಿ ಮುಂದೆ ನಿಂತರೆ ಮುಖ ಯಾರದೋ ಅನಿಸುತ್ತದೆ. ಟೈಪ್ ಮಾಡುವಾಗ ಬೆರಳುಗಳು ತಾವಾಗಿಯೇ ಓಡಾಡುತ್ತಿವೆ ಅನಿಸುತ್ತದೆ. ನಾನು ಮಾತಾಡಿದ್ದು ನನಗೇ ದೂರದಿಂದ ಕೇಳಿದ ಹಾಗೆ. ನಿದ್ದೆ ನಾಲ್ಕೈದು ಗಂಟೆ ಬಂದರೆ ಹೆಚ್ಚು. ನನಗೆ ಹುಚ್ಚು ಹಿಡಿಯುತ್ತಿದೆಯೇ? ಒಳಗಿನ ಮಾತು ನಾನಲ್ಲದಿದ್ದರೆ ನಾನು ಯಾರು? ಧ್ಯಾನ ಬಿಡಬೇಕೇ? ಮಾತ್ರೆ ತೆಗೆದುಕೊಂಡರೆ ಈ ಮಾತು ನಿಲ್ಲುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ವಿಷಯಗಳು ಗಂಟು ಬಿದ್ದಿವೆ. ಒಂದು, ತಲೆಯೊಳಗೆ ಸದಾ ನಡೆಯುವ ಮಾತು. ಇನ್ನೊಂದು, ಅದನ್ನು ನೋಡುತ್ತಿರುವವನು ಯಾರು ಎಂಬ ಪ್ರಶ್ನೆ. ಮತ್ತೊಂದು, ಎರಡು ತಿಂಗಳಿಂದ ನಿಮ್ಮ ಮುಖ, ಬೆರಳು, ದನಿ ನಿಮ್ಮದಲ್ಲ ಅನಿಸುತ್ತಿರುವುದು. ಮೊದಲನೆಯದು ಕಾಯಿಲೆಯಲ್ಲ. ಎರಡನೆಯದನ್ನು ಮನುಷ್ಯರು ಸಾವಿರಾರು ವರ್ಷಗಳಿಂದ ಕೇಳುತ್ತಲೇ ಬಂದಿದ್ದಾರೆ. ಮೂರನೆಯದಕ್ಕೆ ಒಂದು ಹೆಸರಿದೆ, ಅದಕ್ಕೆ ಚಿಕಿತ್ಸೆಯೂ ಇದೆ. ಮೂರನೆಯದರಿಂದ ಹುಟ್ಟಿದ ಭಯವನ್ನು ನೀವು ಎರಡನೆಯ ಪ್ರಶ್ನೆಗೆ ಉತ್ತರ ಹುಡುಕಿ ಕಳೆದುಕೊಳ್ಳಲು ನೋಡುತ್ತಿದ್ದೀರಿ. ಸಿಕ್ಕಿಬಿದ್ದಿರುವುದು ಅಲ್ಲೇ.

ಮೊದಲು ಹುಚ್ಚಿನ ಭಯದ ಬಗ್ಗೆ. ನೀವು ಬರೆದಿರುವುದರಲ್ಲಿ ನನಗೆ ಅದರ ಗುರುತು ಕಾಣಲಿಲ್ಲ. ಮುಖ ಯಾರದೋ "ಅನಿಸುತ್ತದೆ" ಎಂದಿದ್ದೀರಿ. ಅದು ನಿಮ್ಮದೇ ಮುಖ ಅನ್ನುವುದು ನಿಮಗೆ ಗೊತ್ತಿದೆ, ಗೊತ್ತಿರುವುದರಿಂದಲೇ ಗಾಬರಿ. ಯಾರೋ ಬಂದು ಮುಖ ಬದಲಾಯಿಸಿದರು, ಯಾರೋ ನನ್ನ ಬೆರಳುಗಳನ್ನು ಆಡಿಸುತ್ತಿದ್ದಾರೆ ಎಂದು ನೀವು ನಂಬಿಲ್ಲ. ಮನೋವೈದ್ಯರು ಮೊದಲು ನೋಡುವುದೇ ಈ ವ್ಯತ್ಯಾಸವನ್ನು.

ಈಗ ಒಳಗಿನ ಮಾತಿಗೆ ಬರೋಣ. ಅದು ಎಲ್ಲಿಂದ ಬಂತು ಅಂತ ಗೊತ್ತಾದರೆ ಅರ್ಧ ಭಯ ಹೋಗುತ್ತದೆ.

ನಾಲ್ಕು ವರ್ಷದ ಮಗುವೊಂದು ಒಂಟಿಯಾಗಿ ಕೂತು ಮರದ ತುಂಡುಗಳನ್ನು ಜೋಡಿಸುವಾಗ ಸ್ವಲ್ಪ ಹೊತ್ತು ಪಕ್ಕದಲ್ಲಿದ್ದು ಕೇಳಿ. "ಇದು ಇಲ್ಲಿ... ಬೇಡ ಬೇಡ, ಬೀಳತ್ತೆ... ದೊಡ್ಡದು ಕೆಳಗೆ ಇಡು... ಹಾಂ, ಹಂಗೆ." ಯಾರಿಗೂ ಹೇಳುತ್ತಿಲ್ಲ. ನೀವು ಎದ್ದುಹೋದರೂ ಅದು ಹೇಳುತ್ತಲೇ ಇರುತ್ತದೆ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಇದನ್ನು, ಇನ್ನೊಬ್ಬರ ದೃಷ್ಟಿ ಗೊತ್ತಾಗದ ಎಳೆಯ ಮನಸ್ಸಿನ ಮಾತು, ದೊಡ್ಡವರಾದಂತೆ ಸುಮ್ನೆ ಉದುರಿಹೋಗುತ್ತದೆ ಎಂದುಕೊಂಡರು. ರಷ್ಯಾದ ಲೆವ್ ವೈಗೋಟ್ಸ್ಕಿ ಒಪ್ಪಲಿಲ್ಲ. ಅವರು ಮಕ್ಕಳ ಆಟಕ್ಕೆ ಬೇಕೆಂದೇ ಅಡ್ಡಿ ಹಾಕಿ ನೋಡಿದರು. ಚಿತ್ರ ಬಿಡಿಸುವ ಮಗುವಿಗೆ ಬೇಕಾದ ಪೆನ್ಸಿಲ್ ಸಿಗದ ಹಾಗೆ ಮಾಡಿದರೆ ಆ ಮಗುವಿನ ಮಾತು ಇನ್ನೂ ಜಾಸ್ತಿಯಾಗುತ್ತಿತ್ತು. ಅಂದರೆ ಆ ಮಾತು ಕೆಲಸಕ್ಕೆ ಬರುತ್ತಿದೆ. ಮಗು ಅದರಿಂದ ತನಗೆ ತಾನೇ ದಾರಿ ಹೇಳಿಕೊಳ್ಳುತ್ತಿದೆ. ಮೊದಲು ದೊಡ್ಡವರು ಮಗುವಿಗೆ ಹೇಳುತ್ತಾರೆ, ಆಮೇಲೆ ಮಗು ಅದನ್ನೇ ತನಗೆ ಗಟ್ಟಿಯಾಗಿ ಹೇಳಿಕೊಳ್ಳುತ್ತದೆ, ಆಮೇಲೆ ಪಿಸುಮಾತು, ಆಮೇಲೆ ತುಟಿ ಮಾತ್ರ ಅಲ್ಲಾಡುತ್ತದೆ, ಕೊನೆಗೆ ಅದೂ ನಿಂತು ಮಾತು ಒಳಗೆ ಇಳಿಯುತ್ತದೆ. ವೈಗೋಟ್ಸ್ಕಿ ತೀರಿಕೊಂಡದ್ದು 1934ರಲ್ಲಿ, ಇದನ್ನೆಲ್ಲ ಬರೆದ ಅವರ ಪುಸ್ತಕ ಹೊರಬಂದದ್ದೂ ಅದೇ ವರ್ಷ. ಆಮೇಲೆ ಮಕ್ಕಳ ಮೇಲೆ ನಡೆದ ಅಧ್ಯಯನಗಳು ಹೆಚ್ಚಾಗಿ ಅವರ ಮಾತನ್ನೇ ಗಟ್ಟಿ ಮಾಡಿವೆ.

ನಿಮ್ಮ ತಂದೆಯ ಧಾಟಿ ಯಾಕೆ ಬಂತು ಅನ್ನುವುದಕ್ಕೆ ಇಲ್ಲೇ ಉತ್ತರವಿದೆ. ಒಳಗಿನ ಮಾತು ನಮ್ಮ ಸ್ವಂತದ್ದಾಗಿ ಹುಟ್ಟಿದ್ದೇ ಅಲ್ಲ. ಅದು ಹೊರಗಿನಿಂದ, ಬೇರೆಯವರ ಬಾಯಿಂದ ಬಂದದ್ದು. ತಪ್ಪು ಮಾಡಿದಾಗ ಯಾರು ಏನು ಹೇಳುತ್ತಿದ್ದರೋ ಅದರ ಏರಿಳಿತದ ಸಮೇತ ಅದು ಒಳಗೆ ಕೂತಿರುತ್ತದೆ. ಒಳಗಿನ ಮಾತಿನಲ್ಲಿ ಬೇರೆಯವರ ದನಿ ಕೇಳುವುದು, ಇಬ್ಬರು ಮಾತಾಡಿಕೊಂಡಂತೆ ಇರುವುದು, ತನ್ನನ್ನು ತಾನೇ ಬೈದುಕೊಳ್ಳುವುದು, ಇವೆಲ್ಲ ಆರೋಗ್ಯವಾಗಿರುವವರಲ್ಲೂ ಕಂಡುಬರುತ್ತವೆ. ಅಪ್ಪ ಒಳಗೆ ಕೂತು ಬೈಯುತ್ತಿಲ್ಲ. ಬೈಸಿಕೊಂಡದ್ದನ್ನು ನಿಮ್ಮ ಮಿದುಳು ನೆನಪಿಟ್ಟುಕೊಂಡು, ಅದೇ ಸಂದರ್ಭ ಬಂದಾಗ ಮತ್ತೆ ಹೇಳುತ್ತಿದೆ. ಆ ನೆನಪಿನಲ್ಲಿ ಬೈಗುಳವೇ ಎದ್ದು ಕಾಣುವುದು ಯಾಕೆಂದರೆ, ನೋವಾದದ್ದು, ಹೆದರಿಸಿದ್ದು ನಮ್ಮಲ್ಲಿ ಆಳವಾಗಿ ಉಳಿಯುತ್ತದೆ. ಅವರು ಒಳ್ಳೆಯ ಮಾತನ್ನೂ ಆಡಿರಬಹುದು, ಅಲ್ವಾ? ಅದು ಇಷ್ಟು ಜೋರಾಗಿ ಕೇಳುವುದಿಲ್ಲ, ಅಷ್ಟೇ.

ಇನ್ನು ನಿಮ್ಮ ಹೆಂಡತಿಯ ಮಾತು. ಅವರು ಹೇಳಿದ್ದನ್ನು ನಂಬಿ. ಒಂದು ಕಾಲದಲ್ಲಿ ಮನಶ್ಶಾಸ್ತ್ರಜ್ಞರಲ್ಲೂ ಕೆಲವರು, ಯೋಚನೆ ಅಂದರೆ ಗಂಟಲಲ್ಲೇ ನಡೆಯುವ ಸಣ್ಣ ಮಾತು, ಅಷ್ಟೇ ಎಂದುಕೊಂಡಿದ್ದರು. ಅಮೆರಿಕದ ಜಾನ್ ವಾಟ್ಸನ್ ಅಂಥವರಲ್ಲಿ ಒಬ್ಬರು. 1947ರಲ್ಲಿ ಸ್ಕಾಟ್ ಸ್ಮಿತ್ ಎಂಬ ಅರಿವಳಿಕೆ ವೈದ್ಯರು ತಮ್ಮ ಮೇಲೆಯೇ ಒಂದು ಪ್ರಯೋಗ ಮಾಡಿಸಿಕೊಂಡರು. ಮೈಯ ಸ್ನಾಯುಗಳನ್ನೆಲ್ಲ ನಿಶ್ಚಲಗೊಳಿಸುವ ಕ್ಯುರಾರೆ ಜಾತಿಯ ಔಷಧಿಯನ್ನು ಪ್ರಜ್ಞೆ ಇರುವಾಗಲೇ ಚುಚ್ಚಿಸಿಕೊಂಡರು. ನಾಲಿಗೆ, ಗಂಟಲು, ರೆಪ್ಪೆ ಯಾವುದೂ ಆಡದು. ಉಸಿರನ್ನೂ ಬೇರೆಯವರೇ ಕೊಡಬೇಕು. ಔಷಧಿಯ ಪ್ರಭಾವ ಇಳಿದ ಮೇಲೆ, ಅಷ್ಟು ಹೊತ್ತೂ ತಾನು ಸ್ಪಷ್ಟವಾಗಿ ಯೋಚಿಸುತ್ತಿದ್ದೆ ಎಂದು ಹೇಳಿ, ಸುತ್ತ ನಡೆದದ್ದನ್ನು ವಿವರಿಸಿದರು. ಯೋಚನೆಗೆ ಗಂಟಲು ಬೇಡ ಎಂಬುದು ಅಲ್ಲಿಗೆ ಖಚಿತವಾಯಿತು.

ಪದಗಳಾದರೂ ಬೇಕೇ? ಅದೂ ಬೇಕಿಲ್ಲ. ಅಮೆರಿಕದ ರಸೆಲ್ ಹರ್ಲ್‌ಬರ್ಟ್ ಎಂಬ ಮನಶ್ಶಾಸ್ತ್ರಜ್ಞರು ಜನರ ಕೈಗೆ ಒಂದು ಬೀಪರ್ ಕೊಟ್ಟು ಕಳಿಸುತ್ತಾರೆ. ದಿನದಲ್ಲಿ ಯಾವಾಗಲೋ ಅದು ಸದ್ದು ಮಾಡುತ್ತದೆ. ಸದ್ದಿಗೆ ಸರಿಯಾಗಿ ಹಿಂದಿನ ಕ್ಷಣ ತಲೆಯಲ್ಲಿ ಏನಿತ್ತೋ ಅದನ್ನು ಬರೆದಿಡಬೇಕು. ಆಮೇಲೆ ಗಂಟೆಗಟ್ಟಲೆ ಕೂತು ವಿಚಾರಿಸುತ್ತಾರೆ. 2008ರಲ್ಲಿ 30 ವಿದ್ಯಾರ್ಥಿಗಳ ಮೇಲೆ ನಡೆದ ಇಂಥ ಅಧ್ಯಯನದಲ್ಲಿ ಒಳಗಿನ ಮಾತು ಸಿಕ್ಕಿದ್ದು ಸರಾಸರಿ ಕಾಲು ಭಾಗದಷ್ಟು ಸಲ ಮಾತ್ರ. ಕೆಲವರಲ್ಲಿ ಒಮ್ಮೆಯೂ ಇಲ್ಲ, ಕೆಲವರಲ್ಲಿ ಮುಕ್ಕಾಲು ಭಾಗ. ಉಳಿದ ಕ್ಷಣಗಳಲ್ಲಿ ಇದ್ದದ್ದು ಚಿತ್ರಗಳು, ಭಾವನೆಗಳು, ಮೈಗೆ ಆಗುವ ಅನುಭವಗಳು, ಮತ್ತೆ ಪದವೂ ಚಿತ್ರವೂ ಇಲ್ಲದ ಬರೀ ಯೋಚನೆ. ಆ ಕೊನೆಯದು ನಿಮಗೂ ಗೊತ್ತು. ಮಾತಾಡುವಾಗ ಒಂದು ಹೆಸರು ಬಾಯಿಗೆ ಬರುವುದಿಲ್ಲ. ಪದವಿಲ್ಲ, ಆದರೆ ಯಾರ ಬಗ್ಗೆ ಹೇಳಬೇಕು ಅನ್ನುವುದು ಪೂರ್ತಿ ಗೊತ್ತಿದೆ. ಯಾರಾದರೂ ತಪ್ಪು ಹೆಸರು ಹೇಳಿಕೊಟ್ಟರೆ "ಅದಲ್ಲ" ಎಂದು ತಕ್ಷಣ ಹೇಳುತ್ತೀರಿ. ನಿಮ್ಮ ಹೆಂಡತಿ ದಿನದ ಹೆಚ್ಚು ಹೊತ್ತು ಹಾಗೆ ಯೋಚಿಸುತ್ತಾರೆ ಅಂದುಕೊಳ್ಳಿ.

2024ರಲ್ಲಿ ಯೋಹಾನ್ನೆ ನೆಡರ್‌ಗಾರ್ಡ್ ಮತ್ತು ಗ್ಯಾರಿ ಲುಪ್ಯಾನ್ ಎಂಬ ಸಂಶೋಧಕರು ಒಳಮಾತು ತೀರಾ ಕಡಿಮೆ ಎನ್ನುವವರನ್ನು ಪರೀಕ್ಷಿಸಿದರು. ಪದಗಳ ಪಟ್ಟಿ ನೆನಪಿಡುವುದರಲ್ಲಿ, ಎರಡು ವಸ್ತುಗಳ ಹೆಸರಿಗೆ ಪ್ರಾಸ ಕೂಡುತ್ತದೆಯೇ ಎಂದು ಹೇಳುವುದರಲ್ಲಿ ಅವರು ಸ್ವಲ್ಪ ಹಿಂದೆ ಬಿದ್ದರು. ಒಂದು ಕೆಲಸದಿಂದ ಇನ್ನೊಂದಕ್ಕೆ ಬದಲಾಯಿಸಿಕೊಳ್ಳುವುದರಲ್ಲಿ ಹಿಂದೆ ಬೀಳಲಿಲ್ಲ. ನೀವೇ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಬಹುದು. ಹೊಸ ಫೋನ್ ನಂಬರೊಂದನ್ನು ನೋಡುತ್ತಾ, ಬಾಯಲ್ಲಿ ನಿಲ್ಲಿಸದೆ "ಲ ಲ ಲ ಲ" ಎಂದು ಹೇಳುತ್ತಿರಿ. ನಂಬರು ನೆನಪಿನಲ್ಲಿ ನಿಲ್ಲುವುದು ಕಷ್ಟ. ಅಂಕಿಗಳನ್ನು ಕೆಲವು ಸೆಕೆಂಡು ಹಿಡಿದಿಡಲು ನಮ್ಮಲ್ಲಿ ಹೆಚ್ಚಿನವರು ಒಳಮಾತನ್ನೇ ಬಳಸುತ್ತೇವೆ. ಲೆಕ್ಕಪತ್ರದ ಕೆಲಸ ಮಾಡುವ ನಿಮಗೆ ಅದು ದಿನಾ ಅನ್ನ ಹಾಕುತ್ತಿದೆ ಎಂದರೂ ತಪ್ಪಿಲ್ಲ. ಅದು ಪೂರ್ತಿ ನಿಂತುಹೋಗಲಿ ಎಂದು ಬಯಸುವ ಮುಂಚೆ ಇದೊಂದು ನೆನಪಿರಲಿ.

ಹಾಗಾದರೆ ಒಳಗಿನ ಮಾತಿಗೂ ಕಾಯಿಲೆಯಲ್ಲಿ ಕೇಳುವ ದನಿಗಳಿಗೂ ಏನು ವ್ಯತ್ಯಾಸ? ನಿಮ್ಮ ಕಂಕುಳಿಗೆ ನೀವೇ ಕಚಗುಳಿ ಇಟ್ಟುಕೊಂಡರೆ ನಗು ಬರುವುದಿಲ್ಲ. ಕೈ ಆಡಿಸು ಎಂಬ ಅಪ್ಪಣೆ ಹೊರಡುವಾಗಲೇ ಅದರ ಒಂದು ಪ್ರತಿ ಮಿದುಳಿನ ಬೇರೆ ಭಾಗಗಳಿಗೂ ಹೋಗುತ್ತದೆ, ಹೀಗೆ ಮುಟ್ಟಿದ ಅನುಭವ ಬರಲಿದೆ, ಇದು ನಮ್ಮದೇ, ಎಂದು. ಬಂದ ಅನುಭವ ಮಂಕಾಗುತ್ತದೆ. ಲಂಡನ್ನಿನ ಸಾರಾ-ಜೇನ್ ಬ್ಲೇಕ್‌ಮೋರ್ ಮತ್ತು ಸಂಗಡಿಗರು 1998ರಲ್ಲಿ ಮಿದುಳಿನ ಸ್ಕ್ಯಾನ್ ಮಾಡಿ ಇದನ್ನು ತೋರಿಸಿದರು. ಒಳಮಾತಿಗೂ ಹೀಗೇ "ಇದು ನನ್ನದು" ಎಂಬ ಮುದ್ರೆ ಬೀಳುತ್ತದೆ, ಸ್ಕಿಝೋಫ್ರೇನಿಯಾ ಎಂಬ ಮನೋರೋಗದಲ್ಲಿ ಆ ಮುದ್ರೆ ಸರಿಯಾಗಿ ಬೀಳದೆ ತನ್ನದೇ ಮಾತು ಬೇರೆಯವರದ್ದಾಗಿ ಕೇಳುತ್ತದೆ ಎಂಬುದು ಒಂದು ಮುಖ್ಯ ವಿವರಣೆ. ಎಲ್ಲವನ್ನೂ ಅದು ವಿವರಿಸುವುದಿಲ್ಲ, ಆದರೆ ತಿಳಿದುಕೊಳ್ಳಲು ಅನುಕೂಲ. ನಿಮ್ಮ ವಿಷಯದಲ್ಲಿ ಅಪ್ಪನ ಧಾಟಿಯ ಮೇಲೂ ಆ ಮುದ್ರೆ ಇದೆ. ಅದು ಒಳಗೆ ನಡೆಯುತ್ತಿದೆ, ನೆನಪಿನದು ಎಂದು ನಿಮಗೆ ಗೊತ್ತು. ಪಕ್ಕದ ಕೋಣೆಯಿಂದ ಕರೆದ ಹಾಗೆ ಕಿವಿಗೇ ಬೀಳುತ್ತಿಲ್ಲ.

ಕಿವಿಗೇ ಬಿದ್ದರೂ ಅದೊಂದರಿಂದಲೇ ಕಾಯಿಲೆ ಎನ್ನಲಾಗದು. ವೇಲ್ಸ್‌ನ ಡೂಯಿ ರೀಸ್ ಎಂಬ ವೈದ್ಯರು 1971ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡ 293 ಜನರನ್ನು ಮಾತಾಡಿಸಿದರು. ಹೆಚ್ಚುಕಡಿಮೆ ಅರ್ಧದಷ್ಟು ಜನ ಹೋದವರು ಹತ್ತಿರವೇ ಇದ್ದಂತೆ ಒಂದಲ್ಲ ಒಂದು ರೀತಿ ಅನುಭವಿಸಿದ್ದರು. ಎಂಟರಲ್ಲಿ ಒಬ್ಬರು ದನಿಯನ್ನೇ ಕೇಳಿದ್ದರು. ಹಲವರಿಗೆ ಅದು ಸಮಾಧಾನ ಕೊಟ್ಟಿತ್ತು, ಹೆಚ್ಚಿನವರು ಯಾರಿಗೂ ಹೇಳಿಕೊಂಡಿರಲಿಲ್ಲ. ಹೇಳಿಕೊಂಡರೆ ಜನ ಏನಂದುಕೊಂಡಾರು ಅನ್ನುವ ಭಯ ಇಂಥ ವಿಷಯದಲ್ಲಿ ಎಷ್ಟು ದೊಡ್ಡದು ಎಂದು ನಾನು ದಿನಾ ನೋಡುತ್ತೇನೆ. ನೀವು ಬರೆದು ಕಳಿಸಿದ್ದು ಒಳ್ಳೆಯದಾಯಿತು.

ಈಗ ಆ ದೊಡ್ಡ ಪ್ರಶ್ನೆ. ಮಾತು ನಾನಲ್ಲದಿದ್ದರೆ ನಾನು ಯಾರು?

ಮಾತೇ ನಾನು ಎನ್ನುವುದನ್ನು ಒಪ್ಪುವುದು ಕಷ್ಟ ಎಂಬುದಕ್ಕೆ ನನಗೆ ಅತಿ ಗಟ್ಟಿ ಅನಿಸುವ ಪುರಾವೆ ಮೂರ್ಛೆರೋಗದ ಒಬ್ಬ ಹುಡುಗನದು. ಆ ರೋಗ ಹತೋಟಿಗೆ ಬಾರದಿದ್ದಾಗ ಮಿದುಳಿನ ಎಡ ಬಲ ಭಾಗಗಳನ್ನು ಸೇರಿಸುವ ನರಗಳ ಕಟ್ಟನ್ನು ಕತ್ತರಿಸುವ ಶಸ್ತ್ರಚಿಕಿತ್ಸೆ ಆಗ ನಡೆಯುತ್ತಿತ್ತು. ಇಂಥವರ ಮೇಲಿನ ಅಧ್ಯಯನಕ್ಕೆ ರೋಜರ್ ಸ್ಪೆರಿ 1981ರಲ್ಲಿ ನೊಬೆಲ್ ಪಡೆದರು. ಅವರ ಶಿಷ್ಯ ಮೈಕಲ್ ಗ್ಯಾಝಾನಿಗ ಮತ್ತು ಜೋಸೆಫ್ ಲೆಡೂ ಈ ಹುಡುಗನಿಗೆ ಒಂದೇ ಸಲ ಎರಡು ಚಿತ್ರ ತೋರಿಸಿದರು. ಮಾತು ಬರುವ ಎಡ ಮಿದುಳಿಗೆ ಕೋಳಿಯ ಕಾಲು ಮಾತ್ರ ಕಂಡಿತು. ಮಾತು ಬಾರದ ಬಲ ಮಿದುಳಿಗೆ ಹಿಮ ಬಿದ್ದ ಮನೆ ಮಾತ್ರ ಕಂಡಿತು. ಆಮೇಲೆ ಮುಂದಿಟ್ಟ ಚಿತ್ರಗಳಲ್ಲಿ ಹೊಂದುವುದನ್ನು ತೋರಿಸು ಎಂದರು. ಎಡ ಮಿದುಳು ಆಡಿಸುವ ಬಲಗೈ ಕೋಳಿಯನ್ನು ತೋರಿಸಿತು. ಬಲ ಮಿದುಳು ಆಡಿಸುವ ಎಡಗೈ ಹಿಮ ಎತ್ತುವ ಸಲಿಕೆಯನ್ನು ತೋರಿಸಿತು. ಎರಡೂ ಸರಿ. ಯಾಕೆ ಸಲಿಕೆ ಎಂದು ಕೇಳಿದಾಗ ಹುಡುಗ ಒಂದಿಷ್ಟೂ ತಡವರಿಸಲಿಲ್ಲ. ಕೋಳಿಯ ಕಾಲಿಗೆ ಕೋಳಿ, ಕೋಳಿಗೂಡು ಗುಡಿಸಲು ಸಲಿಕೆ ಬೇಕಲ್ಲ ಎಂದ. ಮಾತಾಡುವ ಭಾಗ ಹಿಮವನ್ನು ನೋಡಿಯೇ ಇರಲಿಲ್ಲ. ಕಾರಣ ಗೊತ್ತಿಲ್ಲದಿದ್ದರೂ ಅದು ಒಂದು ಕಾರಣ ಕಟ್ಟಿ ಕೊಟ್ಟಿತು, ಅದನ್ನು ತಾನೇ ನಂಬಿತು ಕೂಡ.

ನಮ್ಮೆಲ್ಲರಲ್ಲೂ ಆ ಮಾತಾಡುವ ಭಾಗ ಇದೆ. ಅದು ನಡೆದದ್ದಕ್ಕೆ ಕತೆ ಕಟ್ಟುತ್ತದೆ, ಹಲವು ಸಲ ಸರಿಯಾಗಿಯೇ ಕಟ್ಟುತ್ತದೆ. ಆದರೆ ನಿಮ್ಮಲ್ಲಿ ನಡೆಯುವುದೆಲ್ಲ ಅದಕ್ಕೆ ಗೊತ್ತಿರುವುದಿಲ್ಲ. ಆದ್ದರಿಂದ ನಿಮ್ಮ ಒಳಮಾತು "ನಿನ್ನಿಂದ ಏನೂ ಆಗಲ್ಲ" ಎಂದಾಗ ಅದನ್ನು ಒಳಗಿನ ಸತ್ಯ ಎಂದು ತೆಗೆದುಕೊಳ್ಳಬೇಕಾಗಿಲ್ಲ. ಒಳಗಿನಿಂದ ಬಂದದ್ದೆಲ್ಲ ಸತ್ಯ, ಅಂತರಂಗದ ಮಾತು ಎಂದೂ ಸುಳ್ಳಾಗದು ಎಂದು ಹೇಳುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಖಿನ್ನತೆಯಲ್ಲಿ ಮುಳುಗಿದವರಿಗೆ ಒಳಮಾತು ಎಷ್ಟು ಖಚಿತವಾಗಿ ಸುಳ್ಳು ಹೇಳುತ್ತದೆ ಎಂದು ನೋಡಿದ ಯಾರೂ ಒಪ್ಪಲಾರರು.

ಮಾತು ನಾನಲ್ಲ ಎಂದಾದ ಮೇಲೆ ನೋಡುವವನು ನಾನು ಎನ್ನಬಹುದೇ? ಇಲ್ಲಿ ಮಹಾ ಮಹಾ ಬುದ್ಧಿವಂತರೇ ಬೇರೆ ಬೇರೆ ದಾರಿ ಹಿಡಿದಿದ್ದಾರೆ. ಅದ್ವೈತ ವೇದಾಂತಿಗಳು ಯೋಚನೆಗಳು ಬಂದು ಹೋದರೂ ಅವನ್ನು ಬೆಳಗುವ ಸಾಕ್ಷಿಯೊಂದು ಇದ್ದೇ ಇದೆ ಎಂದರು. ಬುದ್ಧ, ಹುಡುಕಿದರೆ ಅಂಥ ಒಬ್ಬ ಸಿಗುವುದಿಲ್ಲ, ಸಿಗುವುದೆಲ್ಲ ಬಂದು ಹೋಗುವಂಥದ್ದೇ ಎಂದ. ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ 1739ರಲ್ಲಿ, ಒಳಗೆ ನೋಡಿಕೊಂಡಾಗಲೆಲ್ಲ ಬಿಸಿಯೋ ತಂಪೋ ಪ್ರೀತಿಯೋ ದ್ವೇಷವೋ ಸಿಗುತ್ತದೆ, "ನಾನು" ಮಾತ್ರ ಸಿಗುವುದಿಲ್ಲ ಎಂಬರ್ಥದ ಮಾತು ಬರೆದ. ಮಿದುಳಿನ ಕೆಲಸದಿಂದ ಅನುಭವ ಎಂಬುದು ಯಾಕೆ ಹುಟ್ಟುತ್ತದೆ ಎಂಬುದನ್ನು ತತ್ವಜ್ಞಾನಿ ಡೇವಿಡ್ ಚಾಲ್ಮರ್ಸ್ 1995ರಲ್ಲಿ ಕಠಿಣ ಸಮಸ್ಯೆ ಎಂದು ಕರೆದರು, ಅದು ಇಂದಿಗೂ ಬಗೆಹರಿದಿಲ್ಲ. ಇದರ ತೀರ್ಪನ್ನು ವೈದ್ಯ ಕೊಡಲಾರ, ಕೊಡಬಾರದು ಕೂಡ.

ಆದರೆ ವೈದ್ಯನಾಗಿ ಒಂದು ಮಾತು ಹೇಳಬಲ್ಲೆ. ನೋಡುವವನನ್ನು ಹಿಡಿಯಲು ಹೋದಾಗ ನೀವು ಮಾಡುತ್ತಿರುವುದೂ ನೋಡುವುದೇ. ಹಿಡಿದೆ ಅಂದುಕೊಂಡ ಕ್ಷಣ ಅದು ನೋಡಿಸಿಕೊಂಡದ್ದಾಗುತ್ತದೆ, ನೋಡುವವನು ಮತ್ತೆ ಹಿಂದೆ ಸರಿಯುತ್ತಾನೆ. ಇದಕ್ಕೆ ಕೊನೆಯಿಲ್ಲ. ಶಾಂತವಾಗಿ, ಕುತೂಹಲದಿಂದ ಕೇಳಿಕೊಂಡರೆ ಅದರಲ್ಲಿ ಬೆರಗಿದೆ. ಭಯದಿಂದ, ಈಗಲೇ ಉತ್ತರ ಬೇಕು, ಇಲ್ಲದಿದ್ದರೆ ಹುಚ್ಚಾಗುತ್ತೇನೆ ಎಂದು ಕೇಳಿಕೊಂಡರೆ ಅದೇ ಪ್ರಶ್ನೆ ಆತಂಕಕ್ಕೆ ಮೇವಾಗುತ್ತದೆ. ನಿಮ್ಮಲ್ಲಿ ಈಗ ಆಗಿರುವುದು ಎರಡನೆಯದು.

ಮುಖ, ಬೆರಳು, ದನಿ ಪರಕೀಯ ಅನಿಸುವುದಕ್ಕೆ ಡಿಪರ್ಸನಲೈಸೇಷನ್ ಎನ್ನುತ್ತಾರೆ. ಅರ್ಧದಷ್ಟು ಜನರಿಗೆ ಜೀವನದಲ್ಲಿ ಒಮ್ಮೆಯಾದರೂ ಇದು ಬಂದು ಹೋಗಿರುತ್ತದೆ. ಅಪಘಾತದ ಕ್ಷಣದಲ್ಲಿ, ತೀವ್ರ ಆತಂಕದಲ್ಲಿ, ನಿದ್ದೆಗೆಟ್ಟಾಗ, ಗಾಂಜಾದಂಥ ಅಮಲು ಪದಾರ್ಥದಿಂದ. ಬಂದದ್ದು ಹೋಗದೆ ಉಳಿದು ಕಷ್ಟ ಕೊಡುವುದು ನೂರರಲ್ಲಿ ಒಬ್ಬರಿಗೋ ಇಬ್ಬರಿಗೋ. ಭಯ ತಡೆಯಲಾರದಷ್ಟಾದಾಗ ಮಿದುಳು ಭಾವನೆಗಳ ದನಿಯನ್ನೇ ತಗ್ಗಿಸಿಬಿಡುತ್ತದೆ ಎಂಬುದು ಈಗಿನ ತಿಳಿವಳಿಕೆ. ಬೇರೆಯವರ ಅಂಗೈ ಬೆವರಿಸುವ ಚಿತ್ರಗಳನ್ನು ನೋಡಿದಾಗ ಈ ತೊಂದರೆ ಇರುವವರ ಅಂಗೈ ಅಷ್ಟು ಬೆವರುವುದಿಲ್ಲ. ನಮ್ಮ ಮುಖ ನಮ್ಮದು ಅನಿಸುವುದು ಬರೀ ಕಣ್ಣಿಂದಲ್ಲ. ಅದರ ಜೊತೆ ಸಣ್ಣಗೆ ಒಂದು ಆಪ್ತ ಭಾವವೂ ಬರಬೇಕು. ದನಿ ತಗ್ಗಿಸಿದಾಗ ಅದೂ ತಗ್ಗುತ್ತದೆ. ಮುಖ ಕಾಣುತ್ತದೆ, ನನ್ನದು ಅನ್ನುವ ಭಾವ ಬರುವುದಿಲ್ಲ.

ಇಲ್ಲಿಂದ ಸುತ್ತು ಶುರು. ವಿಚಿತ್ರ ಅನಿಸಿತು, ಹೆದರಿದಿರಿ. ಈಗಲೂ ಹಾಗೇ ಇದೆಯೇ ಎಂದು ಮತ್ತೆ ನೋಡಿದಿರಿ. ನೋಡಿದಷ್ಟೂ ಜಾಸ್ತಿಯಾಯಿತು. ಹುಳುಕು ಹಲ್ಲಿನ ಹತ್ತಿರ ನಾಲಿಗೆ ಮತ್ತೆ ಮತ್ತೆ ಹೋಗುವ ಹಾಗೆ. ಕನ್ನಡಿಯ ವಿಷಯದಲ್ಲಂತೂ ಇದು ಯಾರಿಗೆ ಬೇಕಾದರೂ ಆಗುತ್ತದೆ. ಇಟಲಿಯ ಜೊವಾನಿ ಕಪುಟೊ ಎಂಬ ಮನಶ್ಶಾಸ್ತ್ರಜ್ಞರು 2010ರಲ್ಲಿ 50 ಜನ ಸಾಮಾನ್ಯರನ್ನು ಮಂದ ಬೆಳಕಿನಲ್ಲಿ 10 ನಿಮಿಷ ಕನ್ನಡಿ ನೋಡುತ್ತಾ ಕೂರಿಸಿದರು. ಮೂವರಲ್ಲಿ ಇಬ್ಬರಿಗೆ ಮುಖ ವಿಕಾರವಾಗಿ ಕಂಡಿತು. ಕೆಲವರಿಗೆ ಬೇರೆ ಯಾರದೋ ಮುಖವೇ ಕಂಡಿತು. ಬೆರಳುಗಳದ್ದೂ ಅದೇ. ಟೈಪ್ ಮಾಡುವ ಬೆರಳುಗಳು ನುರಿತ ಎಲ್ಲರಲ್ಲೂ ತಾವಾಗಿಯೇ ಓಡಾಡುತ್ತವೆ. ಸಾಮಾನ್ಯವಾಗಿ ಅದನ್ನು ಯಾರೂ ಗಮನಿಸುವುದಿಲ್ಲ, ಅಷ್ಟೇ.

ಹಾಗಾದರೆ ಏನು ಮಾಡಬೇಕು?

ಧ್ಯಾನ. ಸದ್ಯಕ್ಕೆ ನಿಲ್ಲಿಸಿ ಎನ್ನುವುದು ನನ್ನ ಸಲಹೆ. ಧ್ಯಾನ ಕೆಟ್ಟದ್ದೆಂದಲ್ಲ. ಬಹಳ ಜನರಿಗೆ ಅದರಿಂದ ಒಳ್ಳೆಯದಾಗಿದೆ. ಆದರೆ ಅದರಿಂದ ಯಾರಿಗೂ ಯಾವ ತೊಂದರೆಯೂ ಆಗುವುದಿಲ್ಲ ಎಂಬುದು ತಪ್ಪು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಧ್ಯಾನದಿಂದ ಭಯ, ನಿದ್ರಾಹೀನತೆ, "ನಾನು" ಎಂಬ ಭಾವ ಕಳಚಿದಂತಾಗುವುದು, ಇವೆಲ್ಲ ಆದದ್ದನ್ನು ಧ್ಯಾನಿಗಳೇ ಹೇಳಿಕೊಂಡಿದ್ದಾರೆ. ಇದು ನಿಮ್ಮ ಸಾಧನೆ ಮುಂದುವರಿದ ಲಕ್ಷಣ, ತಡೆದುಕೊಂಡು ಇನ್ನೂ ಜಾಸ್ತಿ ಕೂರಿ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ನಿದ್ದೆಗೆಟ್ಟ, ಹೆದರಿದ ಮನಸ್ಸಿಗೆ ಆ ಸಲಹೆ ಅಪಾಯ. ಪೂರ್ತಿ ಬಿಡಲು ಮನಸ್ಸಿಲ್ಲದಿದ್ದರೆ ಹತ್ತು ನಿಮಿಷಕ್ಕೆ ಇಳಿಸಿ, ಕಣ್ಣು ತೆರೆದೇ ಇರಲಿ, ನಡೆಯುತ್ತಾ ಪಾದ ನೆಲಕ್ಕೆ ತಾಗುವುದನ್ನು ಗಮನಿಸುವಂಥದ್ದು ಮಾತ್ರ ಮಾಡಿ. ನೋಡುವವನು ಯಾರು ಎಂಬ ವಿಚಾರಣೆ ಸದ್ಯಕ್ಕೆ ಬೇಡ. ನಿಲ್ಲಿಸಿದ ಮೊದಲ ಕೆಲವು ದಿನ ಒಳಮಾತು ಜೋರಾದಂತೆ ಅನಿಸಬಹುದು, ಅದಕ್ಕೆ ಹೆದರಬೇಕಿಲ್ಲ.

ಪರೀಕ್ಷಿಸಿಕೊಳ್ಳುವುದು. ಕನ್ನಡಿಯಲ್ಲಿ ಮುಖ ತೊಳೆಯಲು, ತಲೆ ಬಾಚಲು ಬೇಕಾದಷ್ಟು ಹೊತ್ತು ಮಾತ್ರ ನೋಡಿ. "ಈಗ ಹೇಗನಿಸುತ್ತಿದೆ" ಎಂದು ನೋಡಲು ಹೋಗಬೇಡಿ. ವಿಚಿತ್ರ ಅನಿಸಿದಾಗ ಅದನ್ನು ಓಡಿಸಲೂ ಹೋಗಬೇಡಿ. "ಬಂದಿದೆ, ಇದರಿಂದ ಅಪಾಯವಿಲ್ಲ" ಎಂದುಕೊಂಡು ಮಾಡುತ್ತಿದ್ದ ಕೆಲಸ ಮುಂದುವರಿಸಿ. ತಣ್ಣೀರಲ್ಲಿ ಕೈ ತೊಳೆಯುವುದು, ಒರಟು ಬಟ್ಟೆಯನ್ನು ಬೆರಳಿನಿಂದ ಮುಟ್ಟಿ ನೋಡುವುದು, ಯಾರ ಜೊತೆಗಾದರೂ ಗಟ್ಟಿಯಾಗಿ ಮಾತಾಡುವುದು, ಇವು ಗಮನವನ್ನು ಹೊರಗೆ ತರುತ್ತವೆ. ಆ ಭಾವ ತಕ್ಷಣ ಹೋಗುವುದಿಲ್ಲ. ಮೊದಲು ಕಡಿಮೆಯಾಗುವುದು ಭಯ, ಆಮೇಲೆ ನಿಧಾನಕ್ಕೆ ಉಳಿದದ್ದು.

ನಿದ್ದೆ. ಇದನ್ನು ನೀವು ಪತ್ರದಲ್ಲಿ ಒಂದೇ ಸಾಲಲ್ಲಿ ಮುಗಿಸಿದ್ದೀರಿ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮೊದಲು ಸರಿಯಾಗಬೇಕಾದದ್ದು ಇದೇ. ನಾಲ್ಕು ಗಂಟೆ ನಿದ್ದೆಯಲ್ಲಿ ಯಾರ ಮಿದುಳೂ ಸರಿಯಾಗಿ ಕೆಲಸ ಮಾಡುವುದಿಲ್ಲ.

ಬೈಯುವ ದನಿ. ಅದನ್ನು ಅದುಮಿಡಲು ಹೋದರೆ ಜಾಸ್ತಿಯಾಗುತ್ತದೆ. ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1987ರಲ್ಲಿ ಜನರಿಗೆ ಬಿಳಿ ಕರಡಿಯನ್ನು ನೆನೆಸಿಕೊಳ್ಳಬೇಡಿ ಎಂದು ಹೇಳಿ ಇದನ್ನೇ ತೋರಿಸಿದರು. ವಾದಕ್ಕೆ ನಿಂತರೂ ಸೋಲುತ್ತೀರಿ, ಅಪ್ಪನ ಎದುರು ಮಕ್ಕಳು ಗೆದ್ದದ್ದು ಕಡಿಮೆ. ಮಾಡಬಹುದಾದದ್ದು ಅದರ ವ್ಯಾಕರಣ ಬದಲಾಯಿಸುವುದು. "ನಾನು ಯಾಕೆ ಹೀಗೆ" ಎನ್ನುವ ಬದಲು ನಿಮ್ಮ ಹೆಸರು ಹಿಡಿದು, ಗೆಳೆಯನಿಗೆ ಹೇಳುವ ಹಾಗೆ, "ಇಂಥವರೇ, ಆ ಲೆಕ್ಕ ತಪ್ಪಾಯಿತು, ನಾಳೆ ಬೆಳಗ್ಗೆ ಸರಿ ಮಾಡಿ" ಎಂದು ಹೇಳಿಕೊಳ್ಳಿ. ಈಥನ್ ಕ್ರಾಸ್ ಎಂಬ ಮನಶ್ಶಾಸ್ತ್ರಜ್ಞರ ತಂಡ 2014ರಲ್ಲಿ ತೋರಿಸಿದ ಹಾಗೆ, ಹೀಗೆ ಹೆಸರು ಹಿಡಿದು ಮಾತಾಡಿಕೊಂಡವರು ಒತ್ತಡದ ಸಂದರ್ಭವನ್ನು ಹೆಚ್ಚು ಸಮಾಧಾನದಿಂದ ಎದುರಿಸಿದರು. ನಿಮಗೆ ಮಾತ್ರ ಒಂದು ಎಚ್ಚರಿಕೆ: ವಿಚಿತ್ರ ಅನಿಸುತ್ತಿರುವ ಹೊತ್ತಿನಲ್ಲಿ ಇದನ್ನು ಮಾಡಬೇಡಿ. ತನ್ನಿಂದ ತಾನು ದೂರವಾದಂತೆ ಅನಿಸುವವರಿಗೆ ಇನ್ನಷ್ಟು ದೂರ ಬೇಕಿಲ್ಲ. ಆ ದನಿಯ ಹಿಂದೆ ಅಪ್ಪನ ಜೊತೆ ಮುಗಿಯದ ಮಾತುಗಳಿವೆ ಅನಿಸಿದರೆ ಅದನ್ನು ಒಬ್ಬ ಮನಶ್ಶಾಸ್ತ್ರಜ್ಞರ ಎದುರು ಕೂತು ಆಡುವುದೇ ಒಳ್ಳೆಯದು. ಯೋಚನೆ, ನಡವಳಿಕೆಯ ರೂಢಿಗಳನ್ನು ಮಾತುಕತೆಯಿಂದ ಬದಲಾಯಿಸುವ ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಎಂಬ ಪದ್ಧತಿ ಈ ಸುತ್ತನ್ನು ಬಿಡಿಸುವುದಕ್ಕೂ ಉಪಯೋಗಕ್ಕೆ ಬರುತ್ತದೆ. ಅದಕ್ಕೆ ತಿಂಗಳುಗಳ ತಾಳ್ಮೆ ಬೇಕು, ಮೊದಲ ಕೆಲವು ವಾರ ಮನಸ್ಸು ಕದಡಿದಂತೆಯೂ ಆಗಬಹುದು.

ಮಾತ್ರೆ. ಒಳಮಾತನ್ನು ನಿಲ್ಲಿಸುವ ಮಾತ್ರೆ ಇಲ್ಲ. ಡಿಪರ್ಸನಲೈಸೇಷನ್‌ಗೆಂದೇ ಒಪ್ಪಿಗೆ ಪಡೆದ ಮಾತ್ರೆಯೂ ಇಲ್ಲ. ಅದರ ಜೊತೆಗಿರುವ ಆತಂಕ, ಖಿನ್ನತೆಗೆ ಇದೆ. ಪರೀಕ್ಷಿಸಿದ ವೈದ್ಯರಿಗೆ ಅವು ಇವೆ ಎನಿಸಿದರೆ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆ ಕೊಡಬಹುದು. ಪರಿಣಾಮ ಕಾಣಲು ಕೆಲವು ವಾರ ಬೇಕು, ಶುರುವಿನಲ್ಲಿ ಹೊಟ್ಟೆ ತೊಳಸಬಹುದು, ಚಡಪಡಿಕೆ ಹೆಚ್ಚಬಹುದು, ಲೈಂಗಿಕ ಆಸಕ್ತಿ ಕುಗ್ಗಬಹುದು. ತಟ್ಟನೆ ನಿಲ್ಲಿಸುವಂತಿಲ್ಲ. ಬೇರೆಯವರಿಗೆ ಬರೆದುಕೊಟ್ಟ ನಿದ್ದೆ ಮಾತ್ರೆ ತಂದು ನುಂಗುವುದಂತೂ ಬೇಡವೇ ಬೇಡ. ಅವುಗಳಲ್ಲಿ ಹಲವು ಬೇಗ ಚಟವಾಗುತ್ತವೆ, ಬಿಡುವಾಗ ಇದೇ ವಿಚಿತ್ರ ಭಾವವನ್ನು ಹೆಚ್ಚಿಸಬಹುದು.

ಏನೂ ಮಾಡದೆ ಕಾಯಬಹುದೇ ಎಂದರೆ, ಹೊಸದಾಗಿ ಬಂದದ್ದು ಎಷ್ಟೋ ಜನರಲ್ಲಿ ತಾನಾಗಿಯೇ ಇಳಿಯುತ್ತದೆ. ಆದರೆ ನಿಮಗೆ ಆಗಲೇ ಎರಡು ತಿಂಗಳಾಗಿದೆ, ನಿದ್ದೆ ಹೋಗಿದೆ. ಧ್ಯಾನ ನಿಲ್ಲಿಸಿ, ನಿದ್ದೆ ಸರಿಪಡಿಸಿಕೊಂಡು ಮೂರ್ನಾಲ್ಕು ವಾರ ನೋಡಿ. ಕಡಿಮೆಯಾಗದಿದ್ದರೆ ಮನೋವೈದ್ಯರ ಹತ್ತಿರ ಹೋಗಿ. ದನಿ ಹೊರಗಿನಿಂದ ಕಿವಿಗೆ ಬೀಳತೊಡಗಿದರೆ, ಹೀಗೆ ಮಾಡು ಎಂದು ಅಪ್ಪಣೆ ಕೊಟ್ಟರೆ, ಯಾರೋ ನಿಮ್ಮ ಯೋಚನೆಗಳನ್ನು ನಡೆಸುತ್ತಿದ್ದಾರೆ ಎಂದು ಖಾತ್ರಿ ಅನಿಸತೊಡಗಿದರೆ, ನಡುನಡುವೆ ಏನಾಯಿತೆಂದೇ ನೆನಪಿಲ್ಲದಂತಾದರೆ ಕಾಯುವಂತಿಲ್ಲ. ಬದುಕಿ ಪ್ರಯೋಜನವಿಲ್ಲ ಅನಿಸಿದರಂತೂ ಅದೇ ದಿನ, ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಹೋಗಿ.

ವೈದ್ಯರ ಎದುರು ಕೂತಾಗ ಬರೀ "ತಲೆಯಲ್ಲಿ ಮಾತು ಕೇಳುತ್ತದೆ" ಎಂದು ಹೇಳಿ ನಿಲ್ಲಿಸಬೇಡಿ. ಅವಸರದಲ್ಲಿರುವವರು ಅದನ್ನು ಬೇರೆಯಾಗಿ ತಿಳಿದುಕೊಳ್ಳಬಹುದು. ಅದು ಒಳಗೇ ನಡೆಯುವ, ನಿಮ್ಮದೇ ಎಂದು ಗೊತ್ತಿರುವ ಮಾತು ಎಂದು ಬಿಡಿಸಿ ಹೇಳಿ. ಧ್ಯಾನ ಶುರು ಮಾಡಿದ್ದು ಯಾವಾಗ, ದಿನಕ್ಕೆ ಎಷ್ಟು ಹೊತ್ತು, ವಿಚಿತ್ರ ಭಾವ ಶುರುವಾದದ್ದು ಯಾವಾಗ, ಎಷ್ಟು ಗಂಟೆ ನಿದ್ದೆ, ಕಾಫಿ ಟೀ ಎಷ್ಟು, ಅಮಲು ಪದಾರ್ಥ ಏನಾದರೂ ಇತ್ತೇ, ಮೂರ್ಛೆ ಅಥವಾ ತಲೆಗೆ ಪೆಟ್ಟು ಬಿದ್ದದ್ದಿದೆಯೇ, ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಥೈರಾಯ್ಡ್ ಪರೀಕ್ಷೆ ಮಾಡಿಸಲು ಹೇಳಿದರೆ ಮಾಡಿಸಿ, ಆತಂಕ ಮತ್ತು ನಿದ್ದೆಗೇಡಿಗೆ ಥೈರಾಯ್ಡ್ ತೊಂದರೆಯೂ ಒಂದು ಕಾರಣವಾಗಿರಬಹುದು.